12, 16, 19 ಟನ್: ಅಕ್ಕಿ ಗಿರಣಿಗೆ ಒಗ್ಗುವ ಲಾರಿ ಯಾವುದು?

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಅಕ್ಕಿ ಗಿರಣಿಗಳ ಸಾಗಾಟ ಇಂದಿಗೂ ಹೆಚ್ಚಾಗಿ ಬಾಡಿಗೆ ಲಾರಿಗಳನ್ನೇ ನಂಬಿಕೊಂಡಿದೆ. ಸುಗ್ಗಿ ಬಂತೆಂದರೆ ಬಾಡಿಗೆ ಏರುತ್ತದೆ, ಲಾರಿಯೂ ಹೇಳಿದ ಹೊತ್ತಿಗೆ ಸಿಗುವುದಿಲ್ಲ. ಕರಾವಳಿಯ ಹೋಟೆಲ್ ಮತ್ತು ಕಿರಾಣಿ ಅಂಗಡಿಗಳಿಗೆ ವಾರ ವಾರ ಮಾಲು ಮುಟ್ಟಿಸುವ ನಮ್ಮಂಥವರಿಗೆ ಈ ಅನಿಶ್ಚಿತತೆಯೇ ದೊಡ್ಡ ನಷ್ಟವಾಗಿದ್ದರಿಂದ, ಗಿರಣಿಗೆ ಸ್ವಂತದ ಮಧ್ಯಮ ಗಾತ್ರದ ಲಾರಿಯೊಂದನ್ನು ಕೊಳ್ಳಲು ನಿರ್ಧರಿಸಿ, 12 ಟನ್, 16 ಟನ್ ಮತ್ತು 19 ಟನ್ ಎಂದು ಕರೆಯಲಾಗುವ ಮೂರು ವರ್ಗಗಳ ಗಾಡಿಗಳನ್ನು ನಮ್ಮದೇ ಮಾಲು ತುಂಬಿ, ನಮ್ಮದೇ ದಾರಿಗಳಲ್ಲಿ ಓಡಿಸಿ ನೋಡಿದೆವು. ಮೊದಲೆರಡು ಮಾರಾಟಗಾರರು ಕೊಟ್ಟ ಡೆಮೊ ಗಾಡಿಗಳು. ಮೂರನೆಯದು ನಮಗೆ ಮೊದಲಿನಿಂದಲೂ ಬಾಡಿಗೆಗೆ ಬರುವ ಲಾರಿ. ಮೂರನ್ನೂ ಓಡಿಸಿದವರು ನಮ್ಮಲ್ಲಿ ಬಹುಕಾಲದಿಂದ ಇರುವ ಒಬ್ಬರೇ ಚಾಲಕರು. ಚಾಲಕ ಬದಲಾದರೆ ಮೈಲೇಜ್ ಬದಲಾಗುತ್ತದೆಂಬುದು ಲಾರಿ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ವಿಷಯ.

ಟಾಟಾ, ಅಶೋಕ್ ಲೇಲ್ಯಾಂಡ್, ಐಷರ್, ಭಾರತ್‌ಬೆಂಜ್ ಈ ನಾಲ್ಕೂ ಕಂಪನಿಗಳು ಮೂರೂ ವರ್ಗಗಳಲ್ಲಿ ಲಾರಿಗಳನ್ನು ಮಾರುತ್ತವೆ. ಆದ್ದರಿಂದ ಮೊದಲು ಇತ್ಯರ್ಥವಾಗಬೇಕಾದದ್ದು ಕಂಪನಿಯಲ್ಲ, ವರ್ಗ. ಟಾಟಾ 1512, ಅಶೋಕ್ ಲೇಲ್ಯಾಂಡ್ ಇಕೊಮೆಟ್ 1615, ಭಾರತ್‌ಬೆಂಜ್ 1617 ಎಂಬಂಥ ಹೆಸರುಗಳಲ್ಲಿ ಮೊದಲ ಎರಡು ಅಂಕಿಗಳು ಗಾಡಿಯ ಒಟ್ಟು ತೂಕವನ್ನು ಟನ್ನುಗಳಲ್ಲಿ, ಕೊನೆಯ ಎರಡು ಅಂಕಿಗಳು ಅಶ್ವಶಕ್ತಿಯನ್ನು ಹತ್ತರ ಲೆಕ್ಕದಲ್ಲಿ ಸುಮಾರಾಗಿ ತಿಳಿಸುತ್ತವೆ. ಒಟ್ಟು ತೂಕವೆಂದರೆ ಲಾರಿ, ಬಾಡಿ, ಡೀಸೆಲ್, ಚಾಲಕ ಮತ್ತು ಮಾಲು ಎಲ್ಲ ಸೇರಿದ ತೂಕ. ಹೀಗಾಗಿ 12 ಟನ್ನಿನ ಲಾರಿಯಲ್ಲಿ 12 ಟನ್ ಅಕ್ಕಿ ಹೋಗುವುದಿಲ್ಲ. ಬಾಡಿ ಕಟ್ಟಿದ ಖಾಲಿ ಗಾಡಿಗಳನ್ನು ಕಾಟಾಕ್ಕೆ ಏರಿಸಿ, ಪಾಸಿಂಗ್ ತೂಕದಿಂದ (ನೋಂದಣಿಯಲ್ಲಿ ಅನುಮತಿಸಿದ ಒಟ್ಟು ತೂಕ) ಕಳೆದು ನೋಡಿದಾಗ ನಮಗೆ ಉಳಿದದ್ದು ಮೊದಲನೆಯದರಲ್ಲಿ ಸುಮಾರು 7 ಟನ್, ಎರಡನೆಯದರಲ್ಲಿ 10 ಟನ್, ಮೂರನೆಯದರಲ್ಲಿ 12 ಟನ್. ಅಂದರೆ ಮೂರನೆಯದು ಎರಡನೆಯದಕ್ಕಿಂತ ಹೆಚ್ಚು ಹೊರುವುದು ಎರಡೇ ಟನ್. 2018ರ ಜುಲೈನಲ್ಲಿ ಕೇಂದ್ರ ಸರ್ಕಾರವು ಎರಡು ಆಕ್ಸಲ್ (ಚಕ್ರಗಳ ಅಚ್ಚು) ಇರುವ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿದ ಮೇಲೆಯೇ ಈ ಮೂರನೆಯ ವರ್ಗ ಬಲವಾಗಿ ಬೆಳೆದದ್ದು. ಮುಂದಿನ ಆಕ್ಸಲ್‌ಗೆ 7 ಟನ್, ನಾಲ್ಕು ಟೈರಿನ ಹಿಂದಿನ ಆಕ್ಸಲ್‌ಗೆ 11.5 ಟನ್ ಎಂಬುದು ಆ ಲೆಕ್ಕ; ಈ 18.5 ಟನ್ನನ್ನೇ ರೂಢಿಯಲ್ಲಿ 19 ಟನ್ ಎನ್ನುತ್ತಾರೆ.

ನಮ್ಮ ಮಾಲು ಈಗ 26 ಕಿಲೋ ಚೀಲಗಳಲ್ಲಿ ಹೋಗುತ್ತದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ ಲೇಬಲ್ ಹಾಕಿದ ಅಕ್ಕಿ ಚೀಲಕ್ಕೆ ಜಿಎಸ್‌ಟಿ ಬಂದ ಮೇಲೆ ಗಿರಣಿಯವರು ಒಂದು ಕಿಲೋ ಹೆಚ್ಚಿಸಿಕೊಂಡರು. ಆ ಲೆಕ್ಕದಲ್ಲಿ ಮೂರು ಲಾರಿಗಳಿಗೆ ಕ್ರಮವಾಗಿ 260, 380 ಮತ್ತು 460 ಚೀಲಗಳಷ್ಟು ಹಿಡಿಯುತ್ತವೆ. ಇದಕ್ಕಿಂತ ಹೆಚ್ಚು ಹಾಕಿ ನೋಡುವ ಯೋಚನೆಯನ್ನು ನಾವು ಮಾಡಲೇ ಇಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಅಧಿಕ ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವನ್ನು ವಿಧಿಸುತ್ತದೆ. ದಂಡದ ಮಾತು ಒತ್ತಟ್ಟಿಗಿರಲಿ, ಘಟ್ಟ ಇಳಿಯುವಾಗ ಮಿತಿಮೀರಿದ ಭಾರದಿಂದ ಬ್ರೇಕ್ ಸುಟ್ಟರೆ ಹೋಗುವುದು ಚಾಲಕರ ಜೀವ.

ಬೆಂಗಳೂರಿನ ದಾರಿಯನ್ನು ಮೊದಲು ಹೇಳುತ್ತೇನೆ. ಹೊಸಪೇಟೆ, ಕೂಡ್ಲಿಗಿ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ಯಶವಂತಪುರದ ಮಾರುಕಟ್ಟೆಗೆ ಹೋಗುವ ಈ ದಾರಿಯಲ್ಲಿ ಘಟ್ಟವಿಲ್ಲ, ರಸ್ತೆ ಅಗಲವಾಗಿದೆ, ಟೋಲ್ ಮಾತ್ರ ಸಾಕಷ್ಟಿದೆ. ಹೊರಡುವಾಗ ಟ್ಯಾಂಕ್ ತುಂಬಿಸಿ, ಬಂದ ಮೇಲೆ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ ಅಳೆದಾಗ, ಭರ್ತಿ ಲೋಡಿನಲ್ಲಿ 12 ಟನ್ನಿನದು ಲೀಟರಿಗೆ ಏಳು ಕಿಲೋಮೀಟರಿನ ಆಸುಪಾಸು, 16 ಟನ್ನಿನದು ಆರಕ್ಕೆ ತುಸು ಮೇಲೆ, 19 ಟನ್ನಿನದು ಐದರ ಆಸುಪಾಸು ಓಡಿದವು. ಬರೀ ಮೈಲೇಜ್ ನೋಡಿದರೆ ಚಿಕ್ಕದೇ ಮೇಲು ಎನ್ನಿಸುತ್ತದೆ. ಆದರೆ ಒಂದು ಲೀಟರ್ ಡೀಸೆಲ್ ಎಷ್ಟು ಟನ್ನನ್ನು ಎಷ್ಟು ದೂರ ಹೊತ್ತಿತು ಎಂದು ಕೇಳಿದರೆ ಉತ್ತರ ತಿರುಗುತ್ತದೆ: ಚಿಕ್ಕದಕ್ಕೆ 50ರ ಹತ್ತಿರ, ಉಳಿದೆರಡಕ್ಕೂ 60ರ ಹತ್ತಿರ ಟನ್-ಕಿಲೋಮೀಟರ್. ಡೀಸೆಲ್ ವಿಷಯದಲ್ಲಿ 16 ಮತ್ತು 19 ಟನ್ನಿನ ಗಾಡಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ನಮಗೆ ಕಾಣಲಿಲ್ಲ. ಬಿಎಸ್6 (ಹೊಗೆ ಮಾಲಿನ್ಯದ ಈಗಿನ ಮಾನದಂಡ) ಗಾಡಿಗಳಾದ್ದರಿಂದ ಮೂರಕ್ಕೂ ಡೀಸೆಲ್ ಜೊತೆಗೆ ಹೊಗೆ ಶುದ್ಧಿಗೆ ಬೇಕಾದ ಯೂರಿಯಾ ದ್ರಾವಣದ ಖರ್ಚೂ ಇದೆ. ಅದು ಡೀಸೆಲ್ ಪ್ರಮಾಣಕ್ಕೆ ತಕ್ಕಂತೆ ಏರುವುದರಿಂದ ಹೋಲಿಕೆಯನ್ನು ಕದಲಿಸುವುದಿಲ್ಲ.

ಲೆಕ್ಕವನ್ನು ನಿಜವಾಗಿ ಕದಲಿಸುವುದು ಟೋಲ್. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳಲ್ಲಿ ಒಟ್ಟು ತೂಕ 12,000 ಕಿಲೋಗಿಂತ ಕಡಿಮೆಯಿರುವ ಗಾಡಿಗಳು ಹಗುರ ವಾಣಿಜ್ಯ ವಾಹನದ ಸಾಲಿಗೆ, ಅದರಿಂದಾಚೆ 20,000 ಕಿಲೋವರೆಗಿನವು ಲಾರಿಯ ಸಾಲಿಗೆ ಸೇರುತ್ತವೆ. ಮೂಲ ದರ ಮೊದಲನೆಯದಕ್ಕೆ ಕಿಲೋಮೀಟರಿಗೆ 1.05 ರೂಪಾಯಿ, ಎರಡನೆಯದಕ್ಕೆ 2.20 ರೂಪಾಯಿ. ಬೆಲೆ ಸೂಚ್ಯಂಕದೊಂದಿಗೆ ಈ ದರಗಳು ವರ್ಷ ವರ್ಷ ಏರಿದ್ದರೂ ಅವುಗಳ ನಡುವಿನ ಅನುಪಾತ ಹಾಗೇ ಉಳಿದಿದೆ. ಕಂಪನಿಗಳು 12 ಟನ್ ವರ್ಗದ ಗಾಡಿಗೆ 12,000 ಎಂದು ಬರೆಸದೆ 11,990 ಕಿಲೋ ಎಂದು ಬರೆಸುವುದರ ಹಿಂದಿನ ಕಾರಣ ಇಲ್ಲಿ ತಿಳಿಯುತ್ತದೆ. ಕೊಳ್ಳುವವರು ಆರ್‌ಸಿಯಲ್ಲಿ (ನೋಂದಣಿ ಪತ್ರ) ಮೊದಲು ನೋಡಬೇಕಾದ ಅಂಕಿ ಇದೇ. ಹತ್ತು ಕಿಲೋ ಕಡಿಮೆ ಬರೆದದ್ದರಿಂದ ಗಾಡಿಯ ಆಯುಷ್ಯಪೂರ್ತಿ ಟೋಲ್ ಅರ್ಧಕ್ಕಿಳಿಯುತ್ತದೆ. ಮೂಲ ದರವನ್ನು ಹೊರುವ ಟನ್ನುಗಳಿಂದ ಭಾಗಿಸಿದರೆ 12 ಟನ್ನಿನ ಲಾರಿಗೆ ಟನ್ನಿಗೆ 15 ಪೈಸೆ, 19 ಟನ್ನಿನದಕ್ಕೆ 18 ಪೈಸೆ, 16 ಟನ್ನಿನದಕ್ಕೆ 22 ಪೈಸೆ ಬೀಳುತ್ತದೆ. ಮೂರರಲ್ಲಿ ಹದವಾದದ್ದೆಂದು ಎಲ್ಲರೂ ಹೊಗಳುವ ನಡುವಿನ ಗಾಡಿಯೇ ಟೋಲ್ ರಸ್ತೆಯಲ್ಲಿ, ಅಕ್ಕಿಯಂಥ ಭಾರದ ಮಾಲಿಗೆ, ಎಲ್ಲಕ್ಕಿಂತ ದುಬಾರಿಯಾಗುತ್ತದೆ.

ತೌಡು ಅಥವಾ ಬ್ಯಾಡಗಿ ಮೆಣಸಿನಕಾಯಿ ಸಾಗಿಸುವವರಿಗೆ ಈ ತೀರ್ಮಾನ ಅನ್ವಯಿಸುವುದಿಲ್ಲ. ಅಂಥ ಹಗುರ ಮಾಲಿನಲ್ಲಿ ಪಾಸಿಂಗ್ ಮುಗಿಯುವ ಮೊದಲೇ ಬಾಡಿ ತುಂಬುತ್ತದೆ. 16 ಟನ್ನಿನ ವರ್ಗದಲ್ಲಿ ಸಿಗುವ ಉದ್ದನೆಯ ಬಾಡಿ ಅವರಿಗೆ ಉತ್ತಮ.

ಕರಾವಳಿಯ ದಾರಿ ಬೇರೆಯೇ ಪರೀಕ್ಷೆ. ಕೊಪ್ಪಳ, ಗದಗ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ ದಾಟಿದ ಮೇಲೆ ಅಂಕೋಲಾಕ್ಕೆ ಇಳಿಯುವ ಅರಬೈಲ್ ಘಟ್ಟದಲ್ಲಿ ಎಂಜಿನ್ನಿನ ಬಲಕ್ಕಿಂತ ಗಾಡಿಯ ಹಿಡಿತ ಮುಖ್ಯವಾಗುತ್ತದೆ. ಒಂದೇ ಕಂಪನಿಯ 12 ಮತ್ತು 16 ಟನ್ನಿನ ಲಾರಿಗಳಲ್ಲಿ ಎಷ್ಟೋ ಸಲ ಒಂದೇ ನಾಲ್ಕು ಸಿಲಿಂಡರಿನ ಎಂಜಿನ್ ಇರುತ್ತದೆ; ಭಾರತ್‌ಬೆಂಜ್‌ನ 3.9 ಲೀಟರಿನ ಎಂಜಿನ್ ಇದಕ್ಕೆ ಉದಾಹರಣೆ. ಹೀಗಾಗಿ ಕಡಿಮೆ ತೂಕದ ಗಾಡಿಯಲ್ಲಿ ಪ್ರತಿ ಟನ್ನಿಗೆ ಸಿಗುವ ಶಕ್ತಿ ಹೆಚ್ಚು. ಏರುವಾಗ ನಮ್ಮ ಚಾಲಕರು 12 ಟನ್ನಿನದನ್ನು ಮೂರನೇ ಗೇರಿನಲ್ಲಿ ಎಳೆದೊಯ್ದ ತಿರುವುಗಳಲ್ಲಿ ಉಳಿದೆರಡನ್ನು ಎರಡಕ್ಕೆ ಇಳಿಸಬೇಕಾಯಿತು. ಇಳಿಯುವಾಗ ಮೂರರಲ್ಲೂ ಎಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಚೆನ್ನಾಗಿಯೇ ಹಿಡಿಯಿತು. ಆದರೆ ಎದುರಿನಿಂದ ಉದ್ದನೆಯ ಟ್ರೇಲರ್ ಬಂದು ತಿರುವಿನಲ್ಲಿ ಬದಿಗೆ ಸರಿಯಬೇಕಾದಾಗ, ಚಿಕ್ಕ ವೀಲ್‌ಬೇಸಿನ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಗಾಡಿ ಒಂದೇ ಸಲಕ್ಕೆ ತಿರುಗಿದರೆ 19 ಟನ್ನಿನದು ಹಿಂದೆ ಮುಂದೆ ಮಾಡಿಕೊಂಡು ತಿರುಗಬೇಕಿತ್ತು.

ಕುಮಟಾ, ಹೊನ್ನಾವರಗಳ ಪೇಟೆಯೊಳಗೆ ಹೋದ ಮೇಲೆ ವ್ಯತ್ಯಾಸ ಇನ್ನೂ ಸ್ಪಷ್ಟ. ಅಲ್ಲಿ ಒಂದೊಂದು ಅಂಗಡಿಗೆ 20, 30, 40 ಚೀಲಗಳನ್ನು ಇಳಿಸಿಕೊಂಡು ಹೋಗಬೇಕು. 12 ಟನ್ನಿನ ಹಲವು ಗಾಡಿಗಳಿಗೆ 16 ಇಂಚಿನ ರಿಮ್ಮಿನ ಚಕ್ರಗಳಿರುವುದರಿಂದ ಅವುಗಳ ಬಾಡಿಯ ತಳ ಕೆಳಗಿರುತ್ತದೆ. ಹಮಾಲರು ಹಿಂದಿನ ಫಾಳ್ಕಾ (ಬಾಗಿಲು) ಬಿಚ್ಚಿ, ಗಾಡಿಗೆ ಬೆನ್ನು ಕೊಟ್ಟು ನಿಂತರೆ ಚೀಲ ನೇರವಾಗಿ ಹೆಗಲಿಗೆ ಬರುತ್ತದೆ. 20 ಇಂಚಿನ ಚಕ್ರದ ಎತ್ತರದ ಗಾಡಿಯಲ್ಲಿ ಅದೇ ಚೀಲವನ್ನು ಮೇಲಿನಿಂದ ಒಬ್ಬರು ತಗ್ಗಿಸಿ ಕೊಡಬೇಕು, ಕೆಳಗಿನವರು ಕೈ ಎತ್ತಿ ಹಿಡಿಯಬೇಕು. ಚೀಲ ಜಾರಿ ಬಿದ್ದು ಬಾಯಿ ಬಿಚ್ಚುವುದು ಅಲ್ಲಿಯೇ. ದಿನವಿಡೀ ಅಕ್ಕಿ ಹೊರುವವರ ಶ್ರಮವನ್ನು ಲಾರಿ ಕೊಳ್ಳುವವರು ಅಷ್ಟಾಗಿ ಗಮನಿಸುವುದಿಲ್ಲ. ನನ್ನ ಮಟ್ಟಿಗೆ ಇದು ಮೈಲೇಜಿನಷ್ಟೇ ಮುಖ್ಯವಾದ ಅಂಶ.

ಸುಗ್ಗಿಯಲ್ಲಿ ಭತ್ತ ತರಲು ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದ ಹಳ್ಳಿ ದಾರಿಗಳಲ್ಲಿ ಓಡಾಡಿದಾಗಲೂ ಫಲಿತಾಂಶ ಹೀಗೆಯೇ ಇತ್ತು. ಎರೆ ಮಣ್ಣು ಹಸಿಯಾಗಿದ್ದರೆ 19 ಟನ್ನಿನ ಗಾಡಿಯನ್ನು ಗದ್ದೆಯ ಬದಿಗೆ ಒಯ್ಯುವ ಧೈರ್ಯವನ್ನು ಯಾರೂ ಮಾಡುವುದಿಲ್ಲ. ಇಂಥ ಸಣ್ಣ ಓಡಾಟದಲ್ಲಿ ಎಲ್ಲ ಬಿಎಸ್6 ಗಾಡಿಗಳಿಗೂ ಒಂದು ತೊಂದರೆ ಇದೆ. ನಿಧಾನವಾಗಿ, ನಿಂತು ನಿಂತು ಓಡಿದರೆ ಹೊಗೆಕೊಳವೆಯ ಫಿಲ್ಟರಿನಲ್ಲಿ ಕೂರುವ ಮಸಿ ಸುಟ್ಟುಹೋಗುವಷ್ಟು ಬಿಸಿ ಹುಟ್ಟುವುದಿಲ್ಲ, ಆಗ ಡ್ಯಾಷ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತುತ್ತದೆ. ದೀಪ ಹತ್ತಿದ ಕೂಡಲೇ ಗಾಡಿಯನ್ನು ಹೆದ್ದಾರಿಗೆ ಒಯ್ದು ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಿಸುವುದನ್ನು ಚಾಲಕರಿಗೆ ಮೊದಲೇ ಕಲಿಸಿರಬೇಕು.

ಬೆಲೆಯ ವಿಷಯದಲ್ಲಿ ಗಿರಣಿಯವರಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಮಾತಿದೆ. 26 ಕಿಲೋ ಚೀಲದ ಅಕ್ಕಿಗೆ ಜಿಎಸ್‌ಟಿ ಇಲ್ಲದಿರುವುದರಿಂದ, ಅದನ್ನು ಸಾಗಿಸಲೆಂದು ಕೊಂಡ ಲಾರಿಯ ಮೇಲೆ ಕಟ್ಟಿದ ತೆರಿಗೆಯನ್ನು ಮರಳಿ ಪಡೆಯಲು ಬರುವುದಿಲ್ಲ. ಅದು ಪೂರ್ತಿ ನಮ್ಮ ಖರ್ಚೇ. ಆದ್ದರಿಂದ 2025ರ ಸೆಪ್ಟೆಂಬರ್ 22ರಿಂದ ಲಾರಿಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದದ್ದು ತೆರಿಗೆ ಮರಳಿ ಪಡೆಯುವ ಬಾಡಿಗೆ ಸಾಗಾಟದವರಿಗಿಂತ ನಮಗೆ ಹೆಚ್ಚು ಅನುಕೂಲವಾಯಿತು. 2025ರ ಜೂನ್ 8ರಿಂದ ತಯಾರಾದ ಈ ವರ್ಗಗಳ ಎಲ್ಲ ಲಾರಿಗಳಿಗೂ ಹವಾನಿಯಂತ್ರಿತ ಕ್ಯಾಬಿನ್ ಕಡ್ಡಾಯವಾಗಿದೆ. ಏಪ್ರಿಲ್ ಬಿಸಿಲಿನಲ್ಲಿ ಕೊಪ್ಪಳದಿಂದ ಹುಬ್ಬಳ್ಳಿಯವರೆಗೆ ಒಮ್ಮೆ ಚಾಲಕರ ಪಕ್ಕದಲ್ಲಿ ಕೂತು ಹೋದವರು ಆ ನಿಯಮವನ್ನು ವ್ಯರ್ಥ ಖರ್ಚೆನ್ನಲಾರರು. ಹಳೆಯ ದಾಸ್ತಾನಿನ ಗಾಡಿಯನ್ನು ರಿಯಾಯಿತಿಯಲ್ಲಿ ಕೊಡುತ್ತೇವೆಂದರೆ ತಯಾರಾದ ತಿಂಗಳನ್ನು ಕೇಳಿ ನೋಡುವುದು ಒಳ್ಳೆಯದು.

ಕೊನೆಗೆ ತೀರ್ಮಾನಕ್ಕೆ ಆಧಾರವಾದದ್ದು ನಮ್ಮ ಆರ್ಡರ್ ಪುಸ್ತಕ. ಕರಾವಳಿಯಿಂದ ವಾರಕ್ಕೆ ಬರುವ ಬೇಡಿಕೆ ಹೆಚ್ಚುಕಡಿಮೆ 250 ಚೀಲ. 16 ಟನ್ನಿನ ಲಾರಿ ಕೊಂಡರೆ ಅದು ಭರ್ತಿಯಾಗಲು ಮುಂದಿನ ಬೇಡಿಕೆಗೆ ಕಾಯಬೇಕು, ಇಲ್ಲವೇ ಸುಮಾರು ಮೂರೂವರೆ ಟನ್ ಕಡಿಮೆ ಹೊತ್ತು ಪೂರ್ತಿ ಟೋಲ್ ಕಟ್ಟಬೇಕು. ಲಾರಿ ಗಿರಣಿಯ ಅಂಗಳದಲ್ಲಿ ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಹೀಗಾಗಿ 11,990 ಕಿಲೋ ಪಾಸಿಂಗಿನ ಗಾಡಿಯನ್ನೇ ಆರಿಸಿದೆವು. ಬೆಂಗಳೂರಿನ ದೊಡ್ಡ ಲೋಡುಗಳನ್ನು ಮೊದಲಿನಂತೆ ಬಾಡಿಗೆಯ 19 ಟನ್ನಿನ ಲಾರಿಗಳಿಗೇ ಬಿಟ್ಟಿದ್ದೇವೆ, ಏಕೆಂದರೆ ಆ ದಾರಿಯಲ್ಲಿ ಅವುಗಳಿಗೆ ವಾಪಸ್ ಲೋಡ್ ಸಿಗುತ್ತದೆ, ನಮಗೆ ಸಿಗುವುದು ಕಷ್ಟ. ಕಂಪನಿಯ ಆಯ್ಕೆಯನ್ನು ಹುಬ್ಬಳ್ಳಿ ಮತ್ತು ಹೊಸಪೇಟೆ ಎರಡೂ ಕಡೆ ಬಿಡಿಭಾಗ ಅದೇ ದಿನ ಸಿಗುತ್ತದೆಯೇ ಎಂಬುದರ ಮೇಲೆ ಮಾಡಿದೆವು. ಬಾಡಿ ಕಟ್ಟುವವರಿಗೆ ಹೇಳಿದ್ದು ಎರಡೇ: ದಪ್ಪ ತಗಡು ಹಾಕಿ ಖಾಲಿ ತೂಕ ಏರಿಸಬೇಡಿ, ಮತ್ತು ಮಳೆಗಾಲದಲ್ಲಿ ಘಟ್ಟ ಇಳಿಯುವ ಗಾಡಿ ಇದಾದ್ದರಿಂದ ತಾಡಪತ್ರಿ ಕಟ್ಟುವ ಕೊಂಡಿಗಳನ್ನು ಒತ್ತೊತ್ತಾಗಿ ಕೂರಿಸಿ.