ಡಿಹ್ಯೂಮಿಡಿಫೈಯರ್ ಜೊತೆ ಮೂರು ಮಳೆಗಾಲ: ಬೂಷ್ಟು ಹೋಯ್ತಾ?

ಅತ್ತೆಯ ಧಾರೆ ಸೀರೆ ಮೇಲೆ ಬೂಷ್ಟು ಕಂಡ ದಿನ ರಾತ್ರಿನೇ ಗಾಳಿಯ ತೇವ ಎಳೆದು ನೀರು ಮಾಡೋ ಈ ಮಷಿನ್ ಆರ್ಡರ್ ಮಾಡಿದ್ದು. ನಮ್ಮನೆ ಶೃಂಗೇರಿಯಿಂದ ಸ್ವಲ್ಪ ಒಳಗೆ. ಹಂಚಿನ ಮನೇಲಿದ್ದಾಗ ಸಂದಿಗೊಂದೀಲಿ ಗಾಳಿ ಆಡ್ತಿತ್ತು, ಬಚ್ಚಲೊಲೆ ಬೆಚ್ಚಗೆ ಉರೀತಿತ್ತು, ಅದನ್ನ ಕೆಡವಿ ಆರ್‌ಸಿಸಿ ಕಟ್ಟಿಸಿದ್ಮೇಲೆ ಆರಿದ್ರಾ ಮಳೆ ಹಿಡೀತು ಅಂದ್ರೆ ಚಪ್ಪಲಿ, ಬೆಲ್ಟು, ದೇವರ ಫೋಟೋ ಹಿಂದೆ, ಬೀರು ಹಿಂದೆ ಎಲ್ಲಾ ಕಡೆ ಬೂಷ್ಟೇ.

ಎಷ್ಟು ವ್ಯಾಟು, ಎಷ್ಟು ಲೀಟರು ಎಲ್ಲ ಕಂಪನಿ ಪೇಜಲ್ಲೇ ಇರುತ್ತೆ, ನೋಡ್ಕೊಳಿ. ಒಂದು ಮಾತ್ರ ಹೇಳ್ತೀನಿ, ದಿನಕ್ಕೆ 12 ಲೀಟರ್ ಅಂತ ಬರೆದಿರೋದು 30 ಡಿಗ್ರಿ ಶೆಕೇಲಿ, ಗಾಳೀಲಿ 80 ಪರ್ಸೆಂಟ್ ತೇವ ಇದ್ದಾಗಿನ ಲೆಕ್ಕ. ನಮ್ಮಲ್ಲಿ ಜುಲೈ ರಾತ್ರಿ ಅಷ್ಟು ಶೆಕೆ ಎಲ್ಲಿಂದ ಬರ್ಬೇಕು? ರೂಮಿನ ಬಾಗಿಲು ಹಾಕಿ ಎಂಟು ಗಂಟೆ ಓಡಿಸಿದ್ರೆ ಎರಡು ಲೀಟರ್ ಸಿಗುತ್ತೆ.

ಆ ಎರಡು ಲೀಟರ್ ನೋಡೋ ಖುಷಿನೇ ಬೇರೆ. ನಮ್ಮ ಮಾವ ತೋಟದಲ್ಲಿ ಮಳೆಮಾಪಕ ಇಟ್ಕೊಂಡು ನಲವತ್ತು ವರ್ಷದಿಂದ ದಿನಾ ಡೈರೀಲಿ ಇಂಚು ಬರೀತಾರೆ. ಮಷಿನ್ ಬಂದ ಮಾರನೇ ಬೆಳಿಗ್ಗೆ ಟ್ಯಾಂಕ್ ಎಳೆದು ನೀರನ್ನ ಲೀಟರ್ ಪಾತ್ರೆಗೆ ಅಳೆದು ಸುರಿದ್ರು, "ಇಷ್ಟು ನೀರು ನಾವು ಉಸಿರಾಡ್ತಿದ್ವೇನೇ?" ಅಂದ್ರು, ಡೈರೀಲಿ ಪಕ್ಕಕ್ಕೊಂದು ಗೆರೆ ಎಳೆದು "ಒಳಗೆ" ಅಂತ ಹೊಸ ಕಾಲಂ ಮಾಡಿದ್ರು. ಹೊರಗೆ ನಾಲ್ಕು ಇಂಚು, ಒಳಗೆ 1.8 ಲೀಟರ್. ಕಾಫಿ ಆಮೇಲೆ. ಆ ನೀರು ನೆಲ ಒರೆಸೋಕೆ ಹೋಗುತ್ತೆ, ಕುಡಿಯೋಕೆ ಬೇಡಪ್ಪ, ಒಳಗಿನ ಲೋಹದ ಕಾಯಿಲ್ ಮೇಲಿಂದ ಧೂಳು ತೊಳ್ಕೊಂಡು ಬಂದಿರೋ ನೀರು ಅದು. ಬಟ್ಟೆ ವಿಷಯಕ್ಕೆ ಮಾತ್ರ ಪೂರ್ತಿ ಮಾರ್ಕು, ರಾತ್ರಿ ಸ್ಟ್ಯಾಂಡಿಗೆ ಹಾಕಿದ ಯೂನಿಫಾರಂ ಬೆಳಿಗ್ಗೆ ಮುಗ್ಗಲು ವಾಸನೆ ಇಲ್ದೆ ಒಣಗಿರುತ್ತೆ.

ಎರಡನೇ ಮಳೆಗಾಲಕ್ಕೆ ಸಿಟ್ಟು ಬರೋಕೆ ಶುರುವಾಯ್ತು. ಮೊದಲನೇದು ಕರೆಂಟು. ದಿನಕ್ಕೆ ಎರಡು ಯೂನಿಟ್ ಅಂದ್ರೆ ತಿಂಗಳಿಗೆ 60, ನಮ್ಮನೇದು 150ರ ಆಸುಪಾಸು, ಎರಡೂ ಸೇರಿ 200 ದಾಟಿ ಗೃಹಜ್ಯೋತಿ ಹೋಯ್ತು, ಆ ತಿಂಗಳು ಪೂರ್ತಿ ಬಿಲ್ ನಾವೇ ಕಟ್ಟಿದ್ವಿ. ಎರಡನೇದು, ಇಷ್ಟೆಲ್ಲಾ ಮಾಡಿದ್ರೂ ಬೀರು ಹಿಂದಿನ ಪಡುವಣ ಗೋಡೇಲಿ ಮಾತ್ರ ಕಪ್ಪು ಬೂಷ್ಟು ಹಾಗೇ! ಕಸ್ಟಮರ್ ಕೇರಿಗೆ ಫೋನ್ ಮಾಡಿದ್ರೆ ಇನ್ನೂ ಹೆಚ್ಚು ಹೊತ್ತು ಓಡಿಸಿ ಅಂದ್ರು. ಪೇಂಟಿಂಗಿನವ್ರು ವಾಟರ್‌ಪ್ರೂಫ್ ಪೇಂಟ್ ಹೊಡೆದ್ರು, ಆಶ್ಲೇಷ ಮಳೆ ಹೊತ್ತಿಗೆ ಅದು ಕಾದೆಣ್ಣೆಗೆ ಹಾಕಿದ ಹಪ್ಪಳದ ಥರ ಉಬ್ಬಿ ಎದ್ದಿತ್ತು.

ಕೊನೆಗೆ ವಿಷಯ ಗೊತ್ತಾಗಿದ್ದು 350 ರೂಪಾಯಿದೊಂದು ತೇವಾಂಶ ಮೀಟರಿಂದ, ಒಂದು ಪ್ಲಾಸ್ಟಿಕ್ ಹಾಳೆಯಿಂದ. ಮೀಟರ್ ರೂಮಲ್ಲಿ 58 ತೋರಿಸ್ತಿತ್ತು, 60ರ ಕೆಳಗಿದ್ರೆ ಸಾಮಾನ್ಯವಾಗಿ ಬೂಷ್ಟು ಬೆಳೆಯಲ್ಲ, ಹಾಗಾಗಿ ಗಾಳಿದು ತಪ್ಪಿಲ್ಲ. ಗೋಡೆ ಒರೆಸಿ ಒಂದಡಿ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಟ್ವಿ (ಒದ್ದೆ ಗೋಡೆಗೆ ಟೇಪ್ ನಿಲ್ಲಲ್ಲ, ಮೂರು ಸಲ ಹಚ್ಚಿದೀನಿ). ಹಾಳೆಯ ಮೇಲೆ ನೀರ್ಹನಿ ಕೂತ್ರೆ ರೂಮಿನ ತೇವ, ಹಿಂದುಗಡೆ ಕೂತ್ರೆ ಗೋಡೆಯೊಳಗಿಂದ ಬರ್ತಿದೆ ಅಂತ. ನಮ್ಮದು ಹಿಂದುಗಡೆ ಬೆವೆತಿತ್ತು. ಹೊರಗೆ ಹೋಗಿ ನೋಡಿದ್ರೆ ಕಿಟಕಿ ಸಜ್ಜಾ ಗೋಡೆಗೆ ಸೇರೋ ಕಡೆ ಉದ್ದಕ್ಕೆ ಬಿರುಕು, ಪಡುವಣ ಗಾಳಿಗೆ ಇರ್ಚಲು ಹೊಡೆದು ನೀರೆಲ್ಲ ಒಳಗೆ ಇಳೀತಿತ್ತು, ಮಷಿನ್ ಪಾಪ ಏನ್ ಮಾಡುತ್ತೆ.

ಫೆಬ್ರವರಿಲಿ ಗೋಡೆ ಒಣಗಿದ್ಮೇಲೆ ಬಿರುಕು ಕೆತ್ತಿ ತುಂಬಿಸಿದ್ವಿ, ಉಬ್ಬಿದ ಗಾರೆ ಪೂರ್ತಿ ಕಿತ್ತು ಹೊಸದಾಗಿ ಮಾಡಿಸಿದ್ವಿ. ಉಳಿದ ಬೂಷ್ಟನ್ನ ಎನ್95 ಮಾಸ್ಕು, ಗ್ಲೌಸ್ ಹಾಕ್ಕೊಂಡು ಸೋಪಿನ ನೀರಲ್ಲಿ ಒದ್ದೆ ಮಾಡಿ ಉಜ್ಜಿದ್ದು. ಒಣ ಪೊರಕೆ ಹಾಕ್ಬೇಡಿ, ಮನೆಯೆಲ್ಲ ಹಾರುತ್ತೆ. ಬೇಗ ಹೋಗ್ಲಿ ಅಂತ ಬ್ಲೀಚಿಂಗ್ ಪೌಡರಿಗೆ ವಿನೆಗರೋ ಟಾಯ್ಲೆಟ್ ಆಸಿಡ್ಡೋ ಬೆರೆಸೋರು ಇದಾರೆ, ದಯವಿಟ್ಟು ಬೇಡ, ಕ್ಲೋರಿನ್ ಗ್ಯಾಸ್ ಏಳುತ್ತೆ. ಬೀರು ಹಿಂಬದಿಯ ಪ್ಲೈವುಡ್ ಎಷ್ಟು ಉಜ್ಜಿದ್ರೂ ವಾಸನೆ ಬಿಡ್ಲಿಲ್ಲ, ಎಸೆದ್ವಿ. ಈಗ ಬೀರು ಗೋಡೆಯಿಂದ ನಾಲ್ಕಿಂಚು ದೂರ ನಿಂತಿದೆ, ಈ ಮಳೆಗಾಲ ಆ ಗೋಡೆ ಬೆಳ್ಳಗೇ ಇದೆ. ಮಷಿನ್ನೂ ನಾಲ್ಕೇ ಗಂಟೆ ಓಡಿದ್ರೆ ಸಾಕಾಗ್ತಿದೆ, ಬಿಲ್ಲೂ 200 ಯೂನಿಟ್ ಒಳಗೆ.

ಹಾಗಾದ್ರೆ ತಗೋಬೇಕಾ ಅಂದ್ರೆ, ಮೊದಲು ಮೀಟರ್ ತಗೊಳಿ, ಪ್ಲಾಸ್ಟಿಕ್ ಹಚ್ಚಿ ನೋಡಿ, ಗೋಡೆ ಸೋರ್ತಿದ್ರೆ ಮಷಿನ್ನಿಗೆ ಹಾಕೋ 18 ಸಾವಿರ ಗಾರೆಯವ್ರಿಗೆ ಕೊಡಿ. ಐದಕ್ಕೆ ಮೂರೂವರೆ ಸ್ಟಾರ್. ಅರ್ಧ ಕಟ್ ಮಾಡಿದ್ದು ಬೀಪ್ ಶಬ್ದಕ್ಕೆ, ಟ್ಯಾಂಕ್ ತುಂಬಿದ್ರೆ ಯಾವ ಹೊತ್ತಾದ್ರೂ ಸರಿ ಕೂಗುತ್ತೆ, ಆಫ್ ಮಾಡೋಕೆ ದಾರಿನೇ ಇಟ್ಟಿಲ್ಲ. ಹಿಂದೆ ಪೈಪ್ ಹಾಕೋ ತೂತಿದೆ, ಒಂದು ಪೈಪ್ ಸಿಕ್ಕಿಸಿ ಬಚ್ಚಲಿಗೆ ಬಿಟ್ಟು ಎರಡು ರಾತ್ರಿ ನೆಮ್ಮದಿಯಾಗಿ ಮಲಗಿದ್ದೆ. ಮೂರನೇ ದಿನ ಬೆಳಿಗ್ಗೆ ನೋಡಿದ್ರೆ ಪೈಪ್ ಕಿತ್ತು ಸುತ್ತಿ ಮೊಳೆಗೆ ನೇತಾಕಿದ್ರು ಮಾವ. ಎರಡು ದಿನದ್ದು ಬರೆಯೋಕಾಗ್ಲಿಲ್ವಂತೆ.