ಮೂರು ವರ್ಷದ ಯೂನಿಟ್ ಸ್ಟಡಿ: ವಿಡಿಯೊ ಕೊನೆಗಿರಲಿ

ಮೂರು ವರ್ಷಗಳಿಂದ ನಮ್ಮ ಇಬ್ಬರು ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಿದ್ದೇವೆ. ಶುರು ಮಾಡಿದಾಗ ಮಗನಿಗೆ ಐದು ವರ್ಷ, ಮಗಳಿಗೆ ಮೂರು. ಒಂದು ವಿಷಯವನ್ನು ಹಿಡಿದು ಕೆಲವು ವಾರ ಅದರ ಸುತ್ತಲೇ ಓದು, ಚಿತ್ರ, ಅಳತೆ, ಪ್ರಯೋಗಗಳನ್ನು ಹೆಣೆಯುವ ಯೂನಿಟ್ ಸ್ಟಡಿ ಪಠ್ಯಕ್ರಮವೊಂದನ್ನೂ ಅದಕ್ಕೆ ಪೂರಕವಾಗಿ ಮಕ್ಕಳ ವಿಡಿಯೊಗಳ ಸ್ಟ್ರೀಮಿಂಗ್ ಸೇವೆಯೊಂದನ್ನೂ ಇಷ್ಟು ಕಾಲ ಬಳಸಿದ ಮೇಲೆ, ಮೊದಲ ತಿಂಗಳ ಉತ್ಸಾಹದಲ್ಲಿ ನಾನು ಬರೆಯಬಹುದಾಗಿದ್ದ ವಿಮರ್ಶೆಗೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಆರಂಭದಲ್ಲಿ ಮಾರ್ಗದರ್ಶಿಯಲ್ಲಿ ಹೇಳಿದಂತೆ ಮೊದಲು ವಿಡಿಯೊ ತೋರಿಸಿ, ಆಮೇಲೆ ಚಟುವಟಿಕೆ ಮಾಡಿಸುತ್ತಿದ್ದೆವು. ಬೀಜದ ಪಾಠದಲ್ಲಿ ಇದರ ತೊಂದರೆ ಗೊತ್ತಾಯಿತು. ಪರದೆಯ ಮೇಲಿನ ಕಾಳು ಅರ್ಧ ನಿಮಿಷದಲ್ಲಿ ಬೇರು ಬಿಟ್ಟು, ತಲೆಯೆತ್ತಿ, ಎಲೆ ಬಿಚ್ಚಿತ್ತು. ಒದ್ದೆ ಹತ್ತಿಯೊಡನೆ ಗಾಜಿನ ಲೋಟದಲ್ಲಿಟ್ಟ ನಮ್ಮ ಕಾಳು ಎರಡು ದಿನ ಸುಮ್ಮನಿತ್ತು. ಮೂರನೆಯ ದಿನ ಮಗಳು "ಇದು ಕೆಟ್ಟುಹೋಗಿದೆ" ಎಂದು ಅದನ್ನು ಕಸದ ಬುಟ್ಟಿಗೆ ಹಾಕಿದಳು; ಎತ್ತಿ ನೋಡಿದರೆ ಸಿಪ್ಪೆ ಸೀಳಿ ಬಿಳಿಯ ಬೇರಿನ ತುದಿ ಇಣುಕುತ್ತಿತ್ತು. ಅಂದಿನಿಂದ ಕ್ರಮವನ್ನು ತಿರುಗುಮುರುಗು ಮಾಡಿದೆವು. ಮುಂದಿನ ಸಲ ಹತ್ತು ದಿನ ಮೊಳಕೆಯನ್ನು ಅಳೆದು ಬರೆದಿಟ್ಟ ನಂತರ ಅದೇ ವಿಡಿಯೊ ಹಾಕಿದಾಗ, "ಇವರು ಜೋರಾಗಿ ಓಡಿಸಿದ್ದಾರೆ" ಎಂದು ಮಗನೇ ಹೇಳಿದ.

ನಮಗೆ ಹೆಚ್ಚು ಫಲ ಕೊಟ್ಟದ್ದು ಚಂದ್ರನ ಪಾಠ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನ ಹಿಡಿಯುವಾಗ ಅದನ್ನು ಎರಡೇ ವಾರದಲ್ಲಿ ಮುಗಿಸುವ ವೇಳಾಪಟ್ಟಿಗೆ ಅರ್ಥವಿಲ್ಲ. ನಾವು ಒಂದೂವರೆ ತಿಂಗಳು ತೆಗೆದುಕೊಂಡೆವು. ಮೋಡ ಕವಿದ ರಾತ್ರಿಗಳಲ್ಲಿ ಮಕ್ಕಳ ಪಟ್ಟಿಯಲ್ಲಿ ಬರೀ ಖಾಲಿ ವೃತ್ತಗಳು. ಸೇವೆಯಲ್ಲಿದ್ದ ಕಾರ್ಟೂನೊಂದು, ಭೂಮಿಯ ನೆರಳು ಬೀಳುವುದರಿಂದ ಚಂದ್ರ ಸಣ್ಣದಾಗುತ್ತಾನೆ ಎಂದು ತಪ್ಪಾಗಿ ಹೇಳಿಬಿಟ್ಟಿತ್ತು. ಕತ್ತಲೆ ಕೋಣೆಯಲ್ಲಿ ಒಂದೇ ದೀಪ ಹಚ್ಚಿ, ಮಗನ ಕೈಗೆ ಬಿಳಿಯ ಚೆಂಡು ಕೊಟ್ಟು, ತೋಳು ಚಾಚಿ ನಿಂತಲ್ಲೇ ನಿಧಾನವಾಗಿ ತಿರುಗಲು ಹೇಳಿದೆ. ಬಿದಿಗೆಯ ಗೆರೆ, ಅರ್ಧಚಂದ್ರ ಎಲ್ಲವೂ ಯಾವ ನೆರಳೂ ಇಲ್ಲದೆ ಚೆಂಡಿನ ಮೇಲೆ ಮೂಡಿದವು. ದೀಪಕ್ಕೆ ಬೆನ್ನು ಮಾಡಿದಾಗ ಮಾತ್ರ ಅವನ ತಲೆಯ ನೆರಳು ಬಿದ್ದು ಚೆಂಡು ಕಪ್ಪಾಯಿತು. ಅದನ್ನು ತಲೆಗಿಂತ ತುಸು ಮೇಲಕ್ಕೆ ಎತ್ತಿದೊಡನೆ ಹುಣ್ಣಿಮೆಯಾಯಿತು. ಚಂದ್ರನ ಕಕ್ಷೆ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಪ್ರತಿ ಹುಣ್ಣಿಮೆಗೂ ಗ್ರಹಣವಾಗುವುದಿಲ್ಲ ಎಂಬುದನ್ನು ನಾನು ಬೇರೆಯಾಗಿ ವಿವರಿಸಬೇಕಾಗಲಿಲ್ಲ.

ಹಾಗೆಂದು ವಿಡಿಯೊ ನಿರುಪಯುಕ್ತವೆಂದಲ್ಲ. ಆಳಸಮುದ್ರ, ಜ್ವಾಲಾಮುಖಿ, ಕೋಶದಿಂದ ಚಿಟ್ಟೆ ಹೊರಬರುವ ಆ ಕೆಲವೇ ನಿಮಿಷಗಳು, ಇವನ್ನೆಲ್ಲ ಮೇಜಿನ ಮೇಲೆ ತೋರಿಸುವುದು ಹೇಗೆ? ಸೇವೆಯಲ್ಲಿ ನನಗೆ ಸಿಟ್ಟು ಬರಿಸುವುದು ಒಂದು ಮುಗಿಯುತ್ತಲೇ ಇನ್ನೊಂದು ತಾನಾಗಿ ಶುರುವಾಗುವ ಏರ್ಪಾಡು. ಸೆಟ್ಟಿಂಗ್ಸಿನಲ್ಲಿ ಅದನ್ನು ನಿಲ್ಲಿಸಿದರೂ ಆ್ಯಪ್ ಅಪ್‌ಡೇಟ್ ಆದಾಗಲೆಲ್ಲ ಮರಳಿ ಬರುತ್ತದೆ. 2ರಿಂದ 4 ವರ್ಷದ ಮಕ್ಕಳು ಪರದೆಯ ಮುಂದೆ ಕೂರುವುದು ದಿನಕ್ಕೆ 1 ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಗಳಿಗೆ ಆ ಮಿತಿ ದಾಟದಂತೆ ನೋಡಿಕೊಳ್ಳುವ ಕೆಲಸ ಆ್ಯಪ್‌ನದಲ್ಲ, ನಮ್ಮದೇ ಆಗಿತ್ತು.

ಪಠ್ಯಕ್ರಮದ ನಿಜವಾದ ಕೊರತೆ ಬೇರೆ ಇದೆ. ಅಕ್ಷರ ಕೂಡಿಸಿ ಓದುವುದು, ಕೂಡಿಸುವ ಕಳೆಯುವ ಲೆಕ್ಕ, ಇವು ಮೆಟ್ಟಿಲು ಮೆಟ್ಟಿಲಾಗಿ ಬರಬೇಕಾದವು. ಚಿಟ್ಟೆಯ ನೆಪದಲ್ಲಿ ಒಂದಿಷ್ಟು, ಮಳೆಯ ನೆಪದಲ್ಲಿ ಒಂದಿಷ್ಟು ಕಲಿಸಿದರೆ ನಡುವೆ ಮೆಟ್ಟಿಲುಗಳು ತಪ್ಪುತ್ತವೆ. ಮೊದಲ ವರ್ಷ ಇದನ್ನು ಗಮನಿಸದೆ, ದಶಕ ದಾಟುವ ಕೂಡಿಕೆಯಲ್ಲಿ ಮಗ ತಡವರಿಸಿದ. ಈಗ ಇವೆರಡಕ್ಕೂ ಬೆಳಿಗ್ಗೆ ಪ್ರತ್ಯೇಕವಾಗಿ ಅರ್ಧ ಗಂಟೆ ಮೀಸಲಿದೆ. ಪ್ರತಿ ಪಾಠಕ್ಕೂ ಸಾಮಗ್ರಿ ಹೊಂದಿಸಲು ದೊಡ್ಡವರಿಗೆ ಒಂದು ಸಂಜೆಯಾದರೂ ಬೇಕು. ಪೆಟ್ಟಿಗೆಯ ಮೇಲೆ ಅದನ್ನು ಬರೆದಿರುವುದಿಲ್ಲ.

ಈ ವರ್ಷ ಸ್ಟ್ರೀಮಿಂಗ್ ಸೇವೆಯ ವಾರ್ಷಿಕ ಚಂದಾವನ್ನು ಮುಂದುವರಿಸಿಲ್ಲ. ಯಾವ ಪಾಠಕ್ಕೆ ಬೇಕೋ ಆ ತಿಂಗಳಿಗೆ ಮಾತ್ರ ಕಟ್ಟುತ್ತೇವೆ. ಈಗ ನಡೆಯುತ್ತಿರುವ ಅಯಸ್ಕಾಂತದ ಪಾಠಕ್ಕೆ ಇನ್ನೂ ಬೇಕಾಗಿಲ್ಲ.