ಮಳೆಕಾಡಿನ ನಕ್ಷೆಯಲ್ಲಿ ಜನರೆಲ್ಲಿ? ಗ್ಲೋಬಲ್ ಫಾರೆಸ್ಟ್ ವಾಚ್ ಸೇವೆಯ ವಿಮರ್ಶೆ

ಅಮೆಜಾನ್, ಕಾಂಗೋ, ಬೋರ್ನಿಯೊಗಳ ಮಳೆಕಾಡು ಎಲ್ಲಿ, ಯಾವ ವರ್ಷ ಕಡಿದುಹೋಯಿತು ಎಂಬುದನ್ನು ಗ್ಲೋಬಲ್ ಫಾರೆಸ್ಟ್ ವಾಚ್ ಎಂಬ ಅಂತರ್ಜಾಲ ಸೇವೆಯಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಪರಿಸರ ಸಂಶೋಧನಾ ಸಂಸ್ಥೆಯಾದ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ 2014ರಲ್ಲಿ ಇದನ್ನು ಆರಂಭಿಸಿತು. ಕಾಡು ಬದಲಾದಂತೆ ಅಲ್ಲಿನ ಜನರ ಬದುಕು ಏನಾಗುತ್ತಿದೆ ಎಂದು ತಿಳಿಯಬಯಸುವವರಿಗೆ ಇದು ಎಷ್ಟು ಒದಗುತ್ತದೆ ಎಂಬ ಒಂದೇ ದೃಷ್ಟಿಯಿಂದ ನಾನು ಇದನ್ನು ಪರಿಶೀಲಿಸಿದ್ದೇನೆ.

ಮರಗಳ ಲೆಕ್ಕದಲ್ಲಿ ಈ ಸೇವೆ ನಿಜಕ್ಕೂ ಸಮರ್ಥವಾಗಿದೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳಿಂದ ಸಿದ್ಧಪಡಿಸುವ ನಕ್ಷೆಯಲ್ಲಿ, 2001ರಿಂದೀಚೆಗೆ ಮರ ಕಳೆದುಕೊಂಡ 30 ಮೀಟರ್ ಉದ್ದಗಲದ ಪ್ರತಿಯೊಂದು ಚೌಕವೂ ಗುಲಾಬಿ ಬಣ್ಣದಲ್ಲಿ ಕಾಣುತ್ತದೆ. ಮೋಡ ಕವಿದಾಗಲೂ ಕೆಲಸ ಮಾಡುವ ಹೊಸದಾಗಿ ಕಾಡು ಕಡಿದ ಜಾಗವನ್ನು ತೋರಿಸುವ ರೇಡಾರ್ ಆಧಾರಿತ ಎಚ್ಚರಿಕೆಗಳೂ ಇವೆ.

ತೊಡಕಿರುವುದು ಆ ಗುಲಾಬಿಯಲ್ಲೇ. ಕಾಂಗೋ ಜಲಾನಯನ ಪ್ರದೇಶದಲ್ಲಿ ಒಂದು ಕುಟುಂಬ ಸಣ್ಣದೊಂದು ತುಂಡು ಕಾಡನ್ನು ಕಡಿದು, ಸುಟ್ಟು, ಮರಗೆಣಸು ಬೆಳೆದು, ಕೆಲ ವರ್ಷಗಳ ನಂತರ ಅದನ್ನು ಪಾಳು ಬಿಟ್ಟರೆ ಅಲ್ಲಿ ಮತ್ತೆ ಮರಗಳೇಳುತ್ತವೆ. ಆದರೂ ನಕ್ಷೆಯ ಮೇಲೆ ಹಾಸಿ ನೋಡುವ ನಷ್ಟದ ಪದರದಲ್ಲಿ ಆ ಗುಲಾಬಿ ಅಳಿಯುವುದಿಲ್ಲ. ಬ್ರೆಜಿಲ್‌ನಲ್ಲಿ ದನ ಮೇಯಿಸಲು ಶಾಶ್ವತವಾಗಿ ಬೋಳಿಸಿದ ನೆಲಕ್ಕೂ ಅದೇ ಬಣ್ಣ. ಹಸಿವಿಗಾಗಿ ನಡೆಯುವ ಕುಮರಿ ಬೇಸಾಯವನ್ನೂ ಮಾರುಕಟ್ಟೆಗಾಗಿ ನಡೆಯುವ ನಾಶವನ್ನೂ ಒಂದೇ ಬಣ್ಣದಲ್ಲಿ ನೋಡಿದ ಅಪರಿಚಿತನು ಕಾಡಿನ ಜನರನ್ನೇ ಅಪರಾಧಿಗಳೆಂದು ತಿಳಿದರೆ ಆಶ್ಚರ್ಯವಿಲ್ಲ. ನಷ್ಟದ ಕಾರಣಗಳನ್ನು ವಿಂಗಡಿಸುವ ಪದರ ಪ್ರತ್ಯೇಕವಾಗಿ ಇದೆಯಾದರೂ, ಅದರ ಚೌಕಗಳು ಬಹಳ ದೊಡ್ಡವು; ಒಂದು ಮನೆಯವರ ಹೊಲ ಅವುಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಇದಕ್ಕೆ ವಿರುದ್ಧವಾದ ತಪ್ಪು ತಿಳಿವಳಿಕೆಗೂ ಎಡೆಯಿದೆ. ಐದು ಮೀಟರಿಗಿಂತ ಎತ್ತರದ ಸಸ್ಯವೆಲ್ಲ ಇಲ್ಲಿ ಮರದ ಹೊದಿಕೆಯೇ ಆದ್ದರಿಂದ, 2000ಕ್ಕೂ ಮೊದಲೇ ಕಾಡು ಕಡಿದು ಬೆಳೆಸಿದ ತಾಳೆ ತೋಟವೂ ಹಸಿರಾಗಿ ಕಾಣಬಹುದು. ಅಲ್ಲಿ ಬೆತ್ತ, ಜೇನು, ಬೇಟೆ, ಔಷಧಿ ಬೇರುಗಳನ್ನು ಕಳೆದುಕೊಂಡವರ ಸುಳಿವೂ ಸಿಗುವುದಿಲ್ಲ.

ಆದರೆ ಇಂತಹ ಮಾಹಿತಿ ಕಾಡಿನವರ ಕೈಗೇ ತಲುಪಿದಾಗ ಆಗುವುದೇ ಬೇರೆ. ಪೆರುವಿನ ಲೊರೆಟೊದಲ್ಲಿ 76 ಮೂಲನಿವಾಸಿ ಸಮುದಾಯಗಳನ್ನು ಒಳಗೊಂಡು ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 36 ಸಮುದಾಯಗಳಿಗೆ ಉಪಗ್ರಹದ ಎಚ್ಚರಿಕೆಗಳನ್ನು ಒದಗಿಸಲಾಯಿತು. ಅಂತರ್ಜಾಲವಿಲ್ಲದ ಊರುಗಳಿಗೆ ಆ ಮಾಹಿತಿ ಯುಎಸ್‌ಬಿ ಡ್ರೈವ್‌ಗಳಲ್ಲಿ ತುಂಬಿಕೊಂಡು ನದಿಯ ಮೇಲೆ ಹೋಯಿತು. ತರಬೇತಿ ಮತ್ತು ಸಂಭಾವನೆ ಪಡೆದ ಊರಿನವರು ಫೋನ್ ಹಿಡಿದು ಸ್ಥಳಕ್ಕೆ ನಡೆದು, ಕಂಡದ್ದನ್ನು ಸಮುದಾಯದ ಸಭೆಗೆ ತಿಳಿಸಿದರು. ಅತಿಕ್ರಮಣವನ್ನು ತಾವೇ ತಡೆಯಬೇಕೋ ಅಧಿಕಾರಿಗಳಿಗೆ ದೂರು ಕೊಡಬೇಕೋ ಎಂಬುದನ್ನು ಸಭೆಯೇ ನಿರ್ಧರಿಸಿತು. ಎಚ್ಚರಿಕೆ ಸಿಗದ ಸಮುದಾಯಗಳಿಗೆ ಹೋಲಿಸಿದರೆ ಇಲ್ಲಿ ಕಾಡಿನ ನಷ್ಟ ಮೊದಲ ವರ್ಷ ಶೇ. 52ರಷ್ಟು, ಎರಡನೆಯ ವರ್ಷ ಶೇ. 21ರಷ್ಟು ತಗ್ಗಿತು. ಸಂಭಾವನೆ ಮತ್ತು ಸಭೆಯ ಅಧಿಕಾರ ಇಲ್ಲದೆ ಬರೀ ಎಚ್ಚರಿಕೆಗಳಿಂದ ಇಷ್ಟು ಆಗುತ್ತಿತ್ತೆಂದು ನನಗೆ ಅನಿಸುವುದಿಲ್ಲ. ಗ್ಲೋಬಲ್ ಫಾರೆಸ್ಟ್ ವಾಚ್‌ನ ಫಾರೆಸ್ಟ್ ವಾಚರ್ ಎಂಬ ಮೊಬೈಲ್ ಆ್ಯಪ್ ಸಿಗ್ನಲ್ ಇಲ್ಲದ ಕಡೆಯೂ ನಡೆಯುವಂತೆ ರೂಪುಗೊಂಡಿರುವುದು ಈ ದೃಷ್ಟಿಯಿಂದ ಬಹಳ ಮುಖ್ಯ.

ಸಂಶೋಧಕರಿಗೆ, ಪತ್ರಕರ್ತರಿಗೆ, ಸಮುದಾಯಗಳೊಂದಿಗೆ ದುಡಿಯುವ ಸಂಘಟನೆಗಳಿಗೆ ಈ ಸೇವೆಯನ್ನು ನಾನು ಖಂಡಿತ ಶಿಫಾರಸು ಮಾಡುತ್ತೇನೆ. ನಕ್ಷೆ ತೆರೆದ ಕೂಡಲೇ ಮೂಲನಿವಾಸಿಗಳ ಭೂಮಿಯ ಪದರವನ್ನು ಹಾಕಿಕೊಳ್ಳಿ. ಆ ಪದರದಲ್ಲಿ ಕಾಣುವುದು ದಾಖಲಾದ ಭೂಮಿ ಮಾತ್ರ. ಗಡಿ ಗುರುತಿಸದ, ಹಕ್ಕುಪತ್ರ ಸಿಗದ ಊರು ಅಲ್ಲಿ ಖಾಲಿ ಕಾಡಿನಂತೆಯೇ ಕಾಣಬಹುದು. ಈ ಸೂಚನೆಯನ್ನು ವಿವರಗಳ ಪುಟದಲ್ಲಿ ಹುಡುಕುವಂತಿರಬಾರದು, ನಕ್ಷೆಯ ಮೇಲೆಯೇ ದಪ್ಪಕ್ಷರದಲ್ಲಿ ಇರಬೇಕು.